ಕೊಟ್ಟಿಗೆ, ತೋಟ, ನಾಯಿ, ನಾವು: ಪ್ರಾಣಿಗಳಿಂದ ಬರುವ ಹುಳುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆಯಲ್ಲಿ ಗಬ್ಬ ನಿಲ್ಲದ ಹಸು, ಹಾಲು ಇಳಿಸಿದ ಎಮ್ಮೆ ಎಂದು ಬರುವವರು ಆಷಾಢ ಹಿಡಿದೊಡನೆ ಹುಳದ ಮಾತು ತೆಗೆಯುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ಪಶುವೈದ್ಯನಾಗಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆದವನು ನಾನು. ದನ ನೋಡಿ, ಕೈ ತೊಳೆದು, ಜಗಲಿಯಲ್ಲಿ ಕಾಫಿ ಕುಡಿಯುವಾಗ ಮನೆಯವರು ಮೆಲ್ಲಗೆ ಕೇಳುವುದು ಮಾತ್ರ ಮಕ್ಕಳ ಹೊಟ್ಟೆಯ ಬಗ್ಗೆ. ಅಂಥ ಪ್ರಶ್ನೆಗಳನ್ನು ಇಲ್ಲಿ ಕೂಡಿಹಾಕಿದ್ದೇನೆ. ಮನುಷ್ಯರಿಗೆ ಮದ್ದು ಬರೆಯುವುದು ನನ್ನ ಕೆಲಸವಲ್ಲ, ಅದಕ್ಕೆ ನಿಮ್ಮ ವೈದ್ಯರಿದ್ದಾರೆ. ಹುಳು ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತದೆ, ದಾರಿಯಲ್ಲಿ ಅದಕ್ಕೆ ಎಲ್ಲಿ ಅಡ್ಡ ಹಾಕಬಹುದು ಎಂಬುದನ್ನು ಮಾತ್ರ ಹೇಳುತ್ತೇನೆ.

ನಾಯಿ, ಬೆಕ್ಕು, ದನಗಳ ಹೊಟ್ಟೆಯ ಹುಳುಗಳೆಲ್ಲ ನಮಗೂ ಬರುತ್ತವೆಯೇ?

ಇಲ್ಲ. ಹೆಚ್ಚಿನ ಹುಳುಗಳು ಜಾತಿ ನೋಡಿಯೇ ಮನೆ ಮಾಡುತ್ತವೆ. ದನದ ಹೊಟ್ಟೆಯ ಸಾಮಾನ್ಯ ಹುಳುಗಳಲ್ಲಿ ಬಹುಪಾಲು ನಮ್ಮ ಗೊಡವೆಗೇ ಬರುವುದಿಲ್ಲ.

ಬರುವವುಗಳಲ್ಲಿ ಕೆಲವು ದಾರಿ ತಪ್ಪಿದವು. ನಾಯಿಯ ದುಂಡುಹುಳು ಮನುಷ್ಯನ ಮೈಯೊಳಗೆ ಹೊಕ್ಕರೆ ಬೆಳೆಯಲೂ ಆಗದೆ, ಹೊರಡಲೂ ಆಗದೆ ಮರಿಯಾಗಿಯೇ ಅಲೆಯುತ್ತದೆ. ಕೆಲವಕ್ಕೆ ಎರಡು ಮನೆ ಬೇಕೇ ಬೇಕು: ಹಂದಿಯ ಲಾಡಿಹುಳು ಬಾಲ್ಯ ಕಳೆಯುವುದು ಹಂದಿಯ ಮಾಂಸಖಂಡದಲ್ಲಿ, ಸಂಸಾರ ಹೂಡುವುದು ಮನುಷ್ಯನ ಕರುಳಿನಲ್ಲಿ. ಇನ್ನು ಕೆಲವು ನಾಯಿಯಲ್ಲೂ ನಮ್ಮಲ್ಲೂ ಒಂದೇ ರೀತಿ ಸುಖವಾಗಿರುತ್ತವೆ. ಆನ್ಸೈಲೋಸ್ಟೋಮ ಸಿಲಾನಿಕಮ್ ಎಂಬ ಕೊಕ್ಕೆಹುಳು ಅಂಥದ್ದು. ಇವುಗಳ ಮದ್ದು ಬೇರೆ, ಎಚ್ಚರಿಕೆ ಬೇರೆ. ‘ಜಂತಿನ ಮಾತ್ರೆ ನುಂಗಿದ್ದೇವಲ್ಲ’ ಎಂಬ ಒಂದೇ ಉತ್ತರ ಎಲ್ಲದಕ್ಕೂ ಸಾಲುವುದಿಲ್ಲ.

ಮಗು ರಾತ್ರಿಯೆಲ್ಲ ಕುಂಡೆ ತುರಿಸಿಕೊಳ್ಳುತ್ತದೆ. ಮನೆಯ ಬೆಕ್ಕನ್ನು ಹೊರಗೆ ಬಿಡಬೇಕೇ?

ಬೆಕ್ಕು ನಿರಪರಾಧಿ. ಬಿಳಿ ದಾರದ ತುಣುಕಿನಂತೆ ಕಾಣುವ ಆ ಸಣ್ಣ ಹುಳು ಮನುಷ್ಯರಿಂದ ಮನುಷ್ಯರಿಗೆ ಮಾತ್ರ ಹರಡುತ್ತದೆ. ರಾತ್ರಿ ಹೊರಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ, ತುರಿಸಿದ ಉಗುರಿನಿಂದ ಬಾಯಿಗೆ, ಹಾಸಿಗೆಗೆ, ತಂಗಿಯ ಬಾಯಿಗೆ ಹೋಗುತ್ತದೆ. ಮನೆಯವರೆಲ್ಲರೂ ಒಂದೇ ದಿನ ಮಾತ್ರೆ ತೆಗೆದುಕೊಂಡು, ಎರಡು ವಾರದ ನಂತರ ಇನ್ನೊಮ್ಮೆ ತೆಗೆದುಕೊಳ್ಳದಿದ್ದರೆ ಅದು ಮನೆ ಬಿಟ್ಟು ಹೋಗುವುದಿಲ್ಲ.

ಮಗುವಿನ ಮಲದಲ್ಲಿ ಅಕ್ಕಿಕಾಳಿನಂಥ, ಒಣಗಿದರೆ ಸೌತೆಬೀಜದಂಥ ತುಣುಕುಗಳು ಕಂಡರೆ ಮಾತ್ರ ಬೇರೆ ವಿಚಾರ. ಅದು ಚಿಗಟದ ಮೂಲಕ ಬರುವ ನಾಯಿ-ಬೆಕ್ಕಿನ ಲಾಡಿಹುಳು ಇರಬಹುದು. ನಾಯಿಯ ಮೈಯ ಚಿಗಟ ಆಟದ ನಡುವೆ ಮಗುವಿನ ಬಾಯಿಗೆ ಹೋಗಬೇಕು, ಆಗಲೇ ಅದು ಹತ್ತುವುದು. ನಾಯಿಯ ಬಾಲದ ಬುಡದಲ್ಲೂ ಅಂಥದೇ ಕಾಳು ಅಂಟಿದೆಯೇ ನೋಡಿ. ನಾಯಿಗೆ ಹುಳದ ಮದ್ದಿನ ಜೊತೆಗೆ ಚಿಗಟಕ್ಕೂ ಮದ್ದು ಮಾಡದಿದ್ದರೆ ಒಂದೇ ತಿಂಗಳಲ್ಲಿ ಅದೇ ಕಥೆ.

ನಾಯಿಮರಿಗಳು ಈಗಷ್ಟೇ ಕಣ್ಣು ಬಿಟ್ಟಿವೆ, ಅಂಗಳಕ್ಕೂ ಇಳಿದಿಲ್ಲ. ಅವಕ್ಕೆ ಎಲ್ಲಿಂದ ಹುಳು ಬರಬೇಕು?

ತಾಯಿಯಿಂದ. ಎಲ್ಲಕ್ಕಿಂತ ಹೆಚ್ಚು ಸಲ ನಾನು ಉತ್ತರಿಸಿದ ಪ್ರಶ್ನೆ ಇದು. ಎಲ್ಲಕ್ಕಿಂತ ಕಡಿಮೆ ಜನ ನಂಬಿದ್ದೂ ಇದನ್ನೇ.

ಟಾಕ್ಸೊಕಾರ ಎಂಬ ದುಂಡುಹುಳುವಿನ ಮರಿಗಳು ಹೆಣ್ಣುನಾಯಿಯ ಮಾಂಸಖಂಡದಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತವೆ. ನಾಯಿ ಗಬ್ಬವಾಗಿ ದಿನ ತುಂಬುತ್ತಾ ಬಂದಂತೆ ಎಚ್ಚರಗೊಂಡು ಮಾಸಿನ ಮೂಲಕ ಹುಟ್ಟಲಿರುವ ಮರಿಗಳನ್ನು ಸೇರುತ್ತವೆ. ಉಳಿದವು ಮೊಲೆಹಾಲಿನಲ್ಲಿ ಬರುತ್ತವೆ. ಹೀಗಾಗಿ ಮರಿ ಹುಟ್ಟುವಾಗಲೇ ಹುಳು ಹೊತ್ತಿರುತ್ತದೆ. ಮೂರು-ನಾಲ್ಕು ವಾರವಾಗುವಷ್ಟರಲ್ಲಿ ಆ ಹುಳುಗಳು ಬಲಿತು ಮೊಟ್ಟೆ ಇಡತೊಡಗುತ್ತವೆ. ಒಂದು ಹೆಣ್ಣುಹುಳು ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಡೊಳ್ಳುಹೊಟ್ಟೆಯ ಮರಿಯನ್ನು ‘ಚೆನ್ನಾಗಿ ಹಾಲು ಕುಡಿದಿದೆ’ ಎಂದು ಮುದ್ದಿಸುತ್ತೇವೆ. ಅದರಲ್ಲಿ ಹಾಲೆಷ್ಟು, ಹುಳವೆಷ್ಟು ಎಂಬುದು ಮದ್ದು ಹಾಕಿದ ಮರುದಿನ ಗೊತ್ತಾಗುತ್ತದೆ.

ಆದ್ದರಿಂದ ಮೊದಲ ಮದ್ದು ಎರಡು ವಾರಕ್ಕೆ. ಎಂಟು ವಾರದವರೆಗೆ ಎರಡೆರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ತಾಯಿನಾಯಿಗೂ ಮರಿಗಳ ಜೊತೆಯಲ್ಲೇ ಹಾಕಬೇಕು. ಪೈರಾಂಟೆಲ್ ಇರುವ ಸಿರಪ್ ಮರಿಗಳಿಗೆ ಸಾಮಾನ್ಯವಾಗಿ ಕೊಡುವಂಥದ್ದು. ಎಷ್ಟು ಎಂಬುದನ್ನು ಮರಿಯನ್ನು ತೂಗಿಯೇ ತೀರ್ಮಾನಿಸಬೇಕು. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇದ್ದೇ ಇರುತ್ತದಲ್ಲ.

ನಮಗೆ ಅನುಕೂಲವಾದ ಒಂದು ಸಂಗತಿ ಇದರಲ್ಲಿ ಇದೆ. ಅಂದಂದಿನ ಹೇಲಿನಲ್ಲಿರುವ ಮೊಟ್ಟೆ ಯಾರಿಗೂ ಅಂಟುವುದಿಲ್ಲ. ಅದು ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಕಳೆದು, ಒಳಗೆ ಮರಿ ಬಲಿತ ಮೇಲೆಯೇ ಅಪಾಯ. ದಿನವೂ ಎತ್ತಿ ಗುಂಡಿಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಬಿಟ್ಟರೆ ಮಾತ್ರ ನಮ್ಮ ತಂಪು, ನೆರಳು, ತೇವದ ಮಣ್ಣು ಅದಕ್ಕೆ ತೊಟ್ಟಿಲಿನ ಹಾಗೆ. ವರ್ಷಗಳ ಕಾಲ ಮೊಟ್ಟೆ ಜೀವ ಹಿಡಿದಿರುತ್ತದೆ. ನಾಯಿಯನ್ನು ಸವರುವುದಕ್ಕಿಂತ ಜಗಲಿಯ ಕೆಳಗಿನ ಮಣ್ಣಿನಲ್ಲಿ ಆಡಿ, ಕೈ ತೊಳೆಯದೆ ದೋಸೆ ತಿನ್ನುವುದು ಹೆಚ್ಚು ಅಪಾಯ.

ಮಗುವಿನ ಮೈಗೆ ಹೋದ ಮರಿಹುಳುಗಳು ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆದು ಜ್ವರ, ಕೆಮ್ಮು ತರಬಹುದು. ಎಷ್ಟೋ ಸಲ ಏನೂ ಆಗದೆ ಹೋಗುತ್ತದೆ. ಕಣ್ಣಿಗೆ ಹೋದರೆ ಒಂದು ಕಣ್ಣಿನ ದೃಷ್ಟಿ ಮಂದವಾಗುತ್ತದೆ, ಮಕ್ಕಳು ಅದನ್ನು ಹೇಳುವುದೂ ಇಲ್ಲ. ಈ ಹುಳು ನಮ್ಮ ಕರುಳಿನಲ್ಲಿ ಬಲಿಯುವುದಿಲ್ಲವಾದ್ದರಿಂದ ಮಗುವಿನ ಮಲ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ.

ಇನ್ನೊಂದು ಮಾತು. ಬೇಡದ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಸಂತೆಮಾಳದಲ್ಲೋ ಘಾಟಿಯ ತಿರುವಿನಲ್ಲೋ ಬಿಟ್ಟುಬರುವವರು ತಮ್ಮ ಮನೆಯ ಹುಳುವನ್ನು ಬೇರೆಯವರ ಮಕ್ಕಳಿಗೆ ದಾಟಿಸಿ ಬಂದಿರುತ್ತಾರೆ. ಹೆಣ್ಣುನಾಯಿಗೆ ಒಮ್ಮೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಇದಕ್ಕಿಂತ ಸುಲಭ.

ಪಾದದ ಚರ್ಮದೊಳಗೆ ಕೆಂಪು ಗೆರೆಯೊಂದು ದಿನದಿನಕ್ಕೂ ಮುಂದೆ ಹೋಗುತ್ತಿದೆ. ಏನಿದು?

ನನಗೂ ಆಗಿತ್ತು. ಮನೆ ಕಟ್ಟಿಸುವಾಗ ಅಂಗಳದಲ್ಲಿ ಮರಳು ರಾಶಿ ಹಾಕಿಸಿದ್ದೆ. ಊರಿನ ನಾಯಿಗಳೆಲ್ಲ ಅದನ್ನು ಪಾಯಿಖಾನೆ ಮಾಡಿಕೊಂಡವು. ಬರಿಗಾಲಿನಲ್ಲಿ ಮರಳು ಎಳೆದ ಒಂದು ವಾರಕ್ಕೆ ಎಡಗಾಲಿನ ಬೆರಳ ಸಂದಿನಲ್ಲಿ ತುರಿಕೆ ಶುರುವಾಯಿತು. ಆಮೇಲೆ ಹಾವು ಹರಿದ ಹಾಗೆ ಸೊಟ್ಟಸೊಟ್ಟ ಗೆರೆ. ಪಶುವೈದ್ಯನ ಕಾಲಿನಲ್ಲಿ ನಾಯಿಯ ಹುಳು! ಮನೆಯಲ್ಲಿ ನಕ್ಕವರೇ ಹೆಚ್ಚು.

ಇದು ನಾಯಿ, ಬೆಕ್ಕುಗಳ ಕೊಕ್ಕೆಹುಳುವಿನ ಮರಿ. ನಾಯಿಯ ಹೇಲಿನಿಂದ ಮಣ್ಣಿಗೆ ಬಂದು, ಒದ್ದೆ ನೆಲದಲ್ಲಿ ಕಾದು, ಬರಿಗಾಲಿನ ಚರ್ಮವನ್ನು ಕೊರೆದು ಒಳನುಗ್ಗುತ್ತದೆ. ನಮ್ಮ ಚರ್ಮದ ಮೇಲ್ಪದರ ದಾಟಿ ಆಳಕ್ಕಿಳಿಯುವ ಶಕ್ತಿ ಇಲ್ಲದೆ ಅಲ್ಲೇ ಸುರಂಗ ತೋಡುತ್ತಾ ದಿನಕ್ಕೆ ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರ್‌ವರೆಗೆ ಸಾಗುತ್ತದೆ. ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸಾಯುತ್ತದೆ. ಅಷ್ಟು ದಿನ ತುರಿಸಿಕೊಂಡು ಕೀವು ಮಾಡಿಕೊಳ್ಳುವ ಬದಲು ವೈದ್ಯರಿಗೆ ತೋರಿಸಿದರೆ ಮಾತ್ರೆಯಲ್ಲೇ ಗುಣವಾಗುತ್ತದೆ. ಗೆರೆಯ ತುದಿಗೆ ಕಾದ ಸೌಟು ಇಡುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಗೆರೆ ಎಲ್ಲಿ ಮುಗಿದಂತೆ ಕಾಣುತ್ತದೋ ಹುಳು ಅದಕ್ಕಿಂತ ಮುಂದೆ ಇರುತ್ತದೆ. ಸುಟ್ಟದ್ದು ನಿಮ್ಮ ಕಾಲು ಮಾತ್ರ.

ಮೊದಲು ಹೇಳಿದ ಸಿಲಾನಿಕಮ್ ಜಾತಿ ಮಾತ್ರ ಚರ್ಮದಲ್ಲಿ ನಿಲ್ಲದೆ ಕರುಳಿಗೂ ಹೋಗಿ ಬಲಿಯುತ್ತದೆ, ರಕ್ತ ಹೀರುತ್ತದೆ. ಮನುಷ್ಯರದ್ದೇ ಆದ ಕೊಕ್ಕೆಹುಳುಗಳೂ ಬರಿಗಾಲಿನ ದಾರಿಯಲ್ಲೇ ಬರುವುದು. ತೋಟಕ್ಕೆ ಹೋಗುವವರ ಬಿಳಿಚಿದ ಮುಖ, ಏದುಸಿರು, ಎಷ್ಟು ಟಾನಿಕ್ ಕುಡಿದರೂ ಏರದ ರಕ್ತ ಕಂಡಾಗ ಮಲ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನಾಯಿಯ ವಸಡು ಬಿಳಿಚಿ ಹೇಲು ಡಾಂಬರಿನಂತೆ ಕಪ್ಪಾದರೆ ಅದಕ್ಕೂ ಅದೇ ರೋಗ. ಗಂಬೂಟು ಹಾಕಿದರೆ ಉಂಬಳ, ಹಾವು, ಕೊಕ್ಕೆಹುಳು ಮೂರಕ್ಕೂ ಒಂದೇ ಉತ್ತರವಾಯಿತು. ಮರಳಿನ ರಾಶಿಗೆ ಒಂದು ಟಾರ್ಪಾಲು ಹೊದಿಸಿ.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮಾಂಸ ಮುಟ್ಟಿದವರಿಲ್ಲ. ಮಗನಿಗೆ ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ಹಂದಿಯ ಹುಳು ಎಂದರು. ಹೇಗೆ ಸಾಧ್ಯ?

ಸಾಧ್ಯ, ಅಪರೂಪವೂ ಅಲ್ಲ. ಈ ಪ್ರಶ್ನೆ ಕೇಳುವಾಗ ಮನೆಯವರ ದನಿಯಲ್ಲಿ ರೋಗದ ಭಯಕ್ಕಿಂತ ಮಾನದ ಭಯವೇ ಹೆಚ್ಚಿರುತ್ತದೆ. ಮಗ ಕದ್ದು ಹೋಟೆಲಿನಲ್ಲಿ ತಿಂದನೇ ಎಂದು ವಿಚಾರಣೆ ನಡೆದಿರುತ್ತದೆ. ದಯವಿಟ್ಟು ಹುಡುಗನನ್ನು ಬಿಟ್ಟುಬಿಡಿ.

ಇಲ್ಲಿ ದಾರಿಗಳು ಎರಡು, ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಹುಳುವಿನ ಗುಳ್ಳೆಗಳಿರುವ ಹಂದಿಮಾಂಸವನ್ನು ಅರೆಬೆಂದಂತೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಎರಡು ಮೀಟರ್, ನಾಲ್ಕು ಮೀಟರ್, ಒಮ್ಮೊಮ್ಮೆ ಇನ್ನೂ ಉದ್ದ. ಅಂಥವರಿಗೆ ಹೊಟ್ಟೆಯ ಸಣ್ಣಪುಟ್ಟ ತೊಂದರೆ ಬಿಟ್ಟರೆ ಹೆಚ್ಚೇನೂ ಆಗುವುದಿಲ್ಲ. ಆದರೆ ಅವರ ಮಲದಲ್ಲಿ ಸಾವಿರಾರು ಮೊಟ್ಟೆ ಹೊರಬರುತ್ತದೆ. ಮಿದುಳಿನ ಗುಳ್ಳೆ ಬರುವುದು ಈ ಮೊಟ್ಟೆಯನ್ನು ನುಂಗಿದವರಿಗೆ, ಹಂದಿಮಾಂಸ ತಿಂದದ್ದರಿಂದ ಅಲ್ಲ. ಹಂದಿ ಮನುಷ್ಯರ ಮಲ ತಿಂದು ಗುಳ್ಳೆ ತುಂಬಿಕೊಳ್ಳುವುದು ಹೇಗೋ, ಮೊಟ್ಟೆ ನುಂಗಿದ ಮನುಷ್ಯನಿಗೂ ಹಾಗೆಯೇ ಆಗುತ್ತದೆ. ಹುಳುವಿನ ಲೆಕ್ಕದಲ್ಲಿ ಅಲ್ಲಿ ನಾವೇ ಹಂದಿ.

ಮೊಟ್ಟೆ ಸಸ್ಯಾಹಾರಿಯ ಬಾಯಿಗೆ ಬರುವ ದಾರಿಗಳು ಬೇಕಾದಷ್ಟು. ಶೌಚದ ನಂತರ ಸೋಪಿನಿಂದ ಕೈ ತೊಳೆಯದವರು ಕಲಸಿದ ಕೋಸಂಬರಿ, ಕೊಳಚೆ ಹರಿಯುವ ಹಳ್ಳದ ನೀರು ಹಾಯಿಸಿ ಬೆಳೆದ ಕೊತ್ತಂಬರಿ, ತಳ್ಳುಗಾಡಿಯ ಚಟ್ನಿ. ಕೆಲವೊಮ್ಮೆ ಲಾಡಿಹುಳು ಇರುವವರು ಮನೆಯೊಳಗೇ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ಹುಳುವಿನ ಹಾವಳಿ ಇರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳಲ್ಲಿ ಶೇ. 30ರಷ್ಟಕ್ಕೆ ಇದೇ ಕಾರಣ.

ಎಲೆಕೋಸಿನ ಹುಳು ಮಿದುಳಿಗೆ ಹೋಗುತ್ತದೆ ಎಂಬ ಮಾತು ಮೊಬೈಲಿನಲ್ಲಿ ಸುತ್ತುತ್ತಲೇ ಇರುತ್ತದೆ. ಕೋಸಿನ ಎಲೆ ಮೇಯುವ ಹಸಿರು ಕಂಬಳಿಹುಳು ಪತಂಗದ ಮರಿ, ಪಾಪದ್ದು. ಬೆಂದರೆ ಅದೂ ಪಲ್ಯ. ಕೋಸಿನ ಮೇಲೆ ಅಂಟಿರಬಹುದಾದ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಉಪ್ಪುನೀರು, ಅರಿಶಿನದ ನೀರು ಅದನ್ನು ಕೊಲ್ಲುವುದಿಲ್ಲ. ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ಉಜ್ಜಿ ತೊಳೆದರೆ ಹೋಗುತ್ತದೆ, ಬೇಯಿಸಿದರೆ ಸಾಯುತ್ತದೆ.

ಗುಳ್ಳೆ ಕಂಡಿತೆಂದು ಅಂಗಡಿಯಿಂದ ಆಲ್ಬೆಂಡಜೋಲ್ ಎಂಬ ಜಂತಿನ ಮಾತ್ರೆ ತಂದು ನುಂಗಿಸಬೇಡಿ. ಸಾಯುವ ಗುಳ್ಳೆಯ ಸುತ್ತ ಮಿದುಳು ಊದಿಕೊಂಡು ಫಿಟ್ಸ್ ಹೆಚ್ಚಬಹುದು. ಅದಕ್ಕೇ ನರರೋಗ ತಜ್ಞರು ಜೊತೆಯಲ್ಲಿ ಬೇರೆ ಮದ್ದು ಕೊಟ್ಟು, ಗುಳ್ಳೆ ಎಷ್ಟು, ಎಲ್ಲಿ ಎಂದು ನೋಡಿ ನಿರ್ಧರಿಸುತ್ತಾರೆ. ಒಂದೇ ಸಣ್ಣ ಗುಳ್ಳೆ ಇದ್ದರೆ ಎಷ್ಟೋ ಸಲ ತಿಂಗಳುಗಳಲ್ಲಿ ತಾನಾಗಿ ಕರಗುತ್ತದೆ. ಫಿಟ್ಸಿನ ಮಾತ್ರೆಯನ್ನು ಮಾತ್ರ ನಡುವೆ ನಿಲ್ಲಿಸಬಾರದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸಬಹುದಾದ ಕಾಯಿಲೆ ಇದು. ದೃಷ್ಟಿ ತೆಗೆಸುವ, ಚೌಡಿಗೆ ಹೇಳಿಕೊಳ್ಳುವ ಮನಸ್ಸಿದ್ದರೆ ಮಾತ್ರೆಯ ಜೊತೆಗೆ ಮಾಡಿ, ಮಾತ್ರೆಯ ಬದಲಿಗೆ ಅಲ್ಲ.

ತೋಟದ ಯಜಮಾನರಿಗೆ ಒಂದು ಮಾತು ಹೇಳಲೇಬೇಕು. ಕೊನೆಕೊಯ್ಲಿಗೆ ಹೊರಗಿನಿಂದ ಕೆಲಸದವರನ್ನು ಕರೆಸಿ, ತಗಡಿನ ಶೆಡ್ಡಿನಲ್ಲಿ ಇರಿಸಿ, ಶೌಚಾಲಯ ಕಟ್ಟದೆ, ಆಮೇಲೆ ‘ಅವರಿಂದ ರೋಗ ಬಂತು’ ಎನ್ನುವುದನ್ನು ಕೇಳಿದ್ದೇನೆ. ಅವರು ತೋಟದ ಬದಿಯ ಹಳ್ಳಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಅದೇ ಹಳ್ಳದ ನೀರು ಕೆಳಗಿನ ಮನೆಯ ಬಾಳೆಗೂ ಬಸಳೆಗೂ ಹೋಗುತ್ತದೆ. ಒಂದು ಶೌಚಾಲಯಕ್ಕೆ ಎಷ್ಟು ಕ್ವಿಂಟಾಲ್ ಅಡಿಕೆ ಬೇಕು, ನೀವೇ ಲೆಕ್ಕ ಹಾಕಿ.

ಹಾಗಾದರೆ ಹಂದಿಮಾಂಸ ತಿನ್ನುವವರು ಬಿಟ್ಟುಬಿಡಬೇಕೇ?

ಬೇಡ. ಒಳಗೆಲ್ಲೂ ಕೆಂಪು ಉಳಿಯದಂತೆ ಬೇಯಿಸಿ. ಮಾಂಸದಲ್ಲಿ ಅಕ್ಕಿಕಾಳಿನಿಂದ ಬಟಾಣಿಯಷ್ಟು ದೊಡ್ಡ ಬಿಳಿ ನೀರುಗುಳ್ಳೆ ಕಂಡರೆ ತಿನ್ನಬೇಡಿ, ನಾಯಿಗೂ ಹಾಕಬೇಡಿ. ಕಟ್ಟಿ ಸಾಕಿ ತೌಡು, ಮುಸುರೆ ಹಾಕಿದ ಹಂದಿಗೂ ಪೇಟೆಯ ಚರಂಡಿಯಲ್ಲಿ ಅಲೆದ ಹಂದಿಗೂ ಅಜಗಜಾಂತರ. ಕಾಡುಹಂದಿ ಬೇಟೆ ಕಾನೂನುಬಾಹಿರ, ಅದರ ಮಾಂಸದಲ್ಲಿ ಟ್ರೈಕಿನೆಲ್ಲ ಎಂಬ ಬೇರೊಂದು ಹುಳುವೂ ಇರಬಹುದು.

ಕುರಿ ಕಡಿದಾಗ ಲಿವರಿನಲ್ಲಿ ನೀರು ತುಂಬಿದ ಗಡ್ಡೆ ಸಿಕ್ಕಿತು. ಕೆಟ್ಟ ಭಾಗವನ್ನು ಕೊಯ್ದು ನಾಯಿಗೆ ಹಾಕಿದೆವು. ಸರಿಯೇ?

ಇದಕ್ಕಿಂತ ತಪ್ಪು ಬೇರೊಂದಿಲ್ಲ ಎನ್ನಬಹುದು. ಅದು ಹೈಡಾಟಿಡ್ ಗಡ್ಡೆ ಆಗಿದ್ದರೆ ಅದರ ನೀರಿನಲ್ಲಿ ಸಾವಿರಾರು ಹುಳುವಿನ ತಲೆಗಳು ಇರುತ್ತವೆ. ನಾಯಿಯ ಕರುಳಿಗೆ ಹೋದ ಒಂದೊಂದು ತಲೆಯೂ ಒಂದೊಂದು ಲಾಡಿಹುಳು. ಕೆಲವೇ ಮಿಲಿಮೀಟರ್ ಉದ್ದ, ಕಣ್ಣಿಗೆ ಬೀಳುವುದೇ ಇಲ್ಲ, ನಾಯಿಗೆ ನೋವೂ ಇಲ್ಲ. ಆರೇಳು ವಾರಗಳಲ್ಲಿ ಅದರ ಹೇಲಿನಲ್ಲಿ ಮೊಟ್ಟೆ ಬರತೊಡಗುತ್ತದೆ; ಹುಲ್ಲಿನ ಮೇಲೆ ಬಿದ್ದದ್ದು ಕುರಿ, ಆಡು, ದನಕ್ಕೆ, ನಾಯಿಯ ರೋಮಕ್ಕೆ ಅಂಟಿದ್ದು ನಮ್ಮ ಕೈಗೆ. ಮನುಷ್ಯರಲ್ಲಿ ಗಡ್ಡೆ ಹೆಚ್ಚಾಗಿ ಬೆಳೆಯುವುದು ಯಕೃತ್ತಿನಲ್ಲಿ, ಅದು ಬಿಟ್ಟರೆ ಶ್ವಾಸಕೋಶದಲ್ಲಿ. ವರ್ಷಗಟ್ಟಲೆ ಸದ್ದಿಲ್ಲದೆ ದೊಡ್ಡದಾಗಿ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿಬೀಳುತ್ತದೆ. ಏಟು ಬಿದ್ದು ಒಡೆದರೆ ಜೀವಕ್ಕೇ ಅಪಾಯವಾಗುವಂಥ ಅಲರ್ಜಿ ಆಗಬಹುದು.

ಮಟನ್ ಅಂಗಡಿಯ ಮುಂದೆ ಕಾಲು ಮಡಚಿ ಕಾಯುವ ನಾಯಿಗಳನ್ನು ನೋಡಿದ್ದೀರಲ್ಲ, ಈ ಹುಳುವಿನ ಬಂಡವಾಳವೇ ಅದು. ಹರಕೆಯ ಕುರಿ ಕಡಿದ ಮರುದಿನವೂ ಇದೇ ನೋಟ. ಗಡ್ಡೆ ಇರುವ ಅಂಗವನ್ನು ನಾಯಿ ಅಗೆದು ತೆಗೆಯಲಾರದಷ್ಟು ಆಳಕ್ಕೆ ಹೂಳಿ ಅಥವಾ ಸುಡಿ. ಹೊಳೆಗೆ ಎಸೆಯುವುದು ವಿಲೇವಾರಿ ಅಲ್ಲ. ಮಾಂಸದ ತ್ಯಾಜ್ಯ ತಿನ್ನುವ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಬೇಕು. ಪೈರಾಂಟೆಲ್ ಈ ಹುಳುವನ್ನು ಅಲುಗಿಸುವುದಿಲ್ಲ.

ಅಡಿಕೆ ತಿನ್ನಿಸಿದರೆ ನಾಯಿಯ ಹುಳು ಬೀಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಿಜವೇ?

ಹಿರಿಯರು ಸುಳ್ಳು ಹೇಳಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಹುಳುವಿನ ಹಿಡಿತ ಸಡಿಲಿಸುತ್ತದೆ, ನಾಯಿಗೆ ಭೇದಿ ಹಿಡಿಸುತ್ತದೆ. ಎರಡೂ ಸೇರಿ ಲಾಡಿಹುಳು ಹೊರಬೀಳುತ್ತದೆ. ಅರೆಕೋಲಿನ್ ಹೈಡ್ರೋಬ್ರೋಮೈಡ್ ಎಂಬ ಹೆಸರಿನಲ್ಲಿ ಇದು ಪಶುವೈದ್ಯರ ಪೆಟ್ಟಿಗೆಯಲ್ಲೇ ಇತ್ತು. ನ್ಯೂಜಿಲೆಂಡ್, ಟಾಸ್ಮೇನಿಯಾಗಳಲ್ಲಿ ಹೈಡಾಟಿಡ್ ರೋಗವನ್ನು ಅಟ್ಟಲು ಕುರಿ ಕಾಯುವ ನಾಯಿಗಳನ್ನೆಲ್ಲ ಸಾಲಾಗಿ ಕಟ್ಟಿ ಇದನ್ನೇ ಕೊಟ್ಟು, ಭೇದಿಯಲ್ಲಿ ಹುಳು ಹುಡುಕುತ್ತಿದ್ದರು. ನಮ್ಮ ತೋಟದ ಬೆಳೆಗೆ ಇಂಥದೊಂದು ಚರಿತ್ರೆ ಇದೆ ಎಂದು ತಿಳಿದಾಗ ನನಗೂ ಹೆಮ್ಮೆಯಾಗಿತ್ತು.

ಆದರೂ ಬೇಡ. ಹುಳುವಿಗೆ ಸಾಕಾಗುವ ಪ್ರಮಾಣಕ್ಕೂ ನಾಯಿಗೆ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ವಾಂತಿ, ಜೊಲ್ಲು, ಕುಸಿದುಬೀಳುವುದು ಎಲ್ಲ ಆಗಬಹುದು, ಹುಳು ಪೂರ್ತಿ ಹೋಗುತ್ತದೆ ಎಂಬ ಭರವಸೆಯೂ ಇಲ್ಲ. ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅರೆಕೋಲಿನ್ ಮೂಲೆ ಸೇರಿದ್ದು ಅದಕ್ಕೇ. ಎಲೆಯಡಿಕೆ ಹಾಕಿದರೆ ನಮ್ಮ ಹೊಟ್ಟೆಯ ಹುಳು ಸಾಯುತ್ತದೆಯೇ ಎಂದು ಕೇಳುವ ರಸಿಕರಿಗೆ: ಇಲ್ಲ. ಕವಳಕ್ಕೆ ಬೇರೆ ನೆಪ ಹುಡುಕಿ.

ಮುತ್ತುಗದ ಬೀಜ, ವಾಯುವಿಳಂಗಗಳ ವಿಚಾರವನ್ನು ಆಯುರ್ವೇದ ಬಲ್ಲವರಲ್ಲಿ ಕೇಳಿ. ಕಣ್ಣು, ಮಿದುಳು, ಯಕೃತ್ತಿಗೆ ಹೋದ ಹುಳುವಿಗೆ ಮನೆಮದ್ದು ನಂಬಿ ಕೂರಬೇಡಿ.

ದನದ ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿದೆ. ಇದು ನಮಗೂ ಬರುತ್ತದೆಯೇ?

ಯಕೃತ್ತಿನ ಚಪ್ಪಟೆಹುಳು ಇರಬಹುದು. ಎಲೆಯಾಕಾರದ ಹುಳು, ಫ್ಯಾಸಿಯೋಲ ಎಂದು ಹೆಸರು. ದನದ ಸಗಣಿಯಿಂದ ನೀರಿಗೆ ಬಿದ್ದ ಮೊಟ್ಟೆ ಒಡೆದು, ಮರಿ ಒಂದು ಜಾತಿಯ ನೀರಿನ ಬಸವನಹುಳುವನ್ನು ಹೊಕ್ಕು, ಅಲ್ಲಿ ಒಂದು ನೂರಾಗಿ ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತದೆ. ಗದ್ದೆ ಕೊಯ್ಲಾದ ಮೇಲೆ ಕೆರೆಯಂಚಿಗೆ ದನ ಬಿಡುವ ನಮ್ಮ ಪದ್ಧತಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕಷ್ಟಸಹಿಷ್ಣು ಮಲೆನಾಡು ಗಿಡ್ಡ ತಳಿಯ ದನ ಮೇಲ್ನೋಟಕ್ಕೆ ತಡೆದುಕೊಂಡಂತೆ ಕಂಡರೂ ಹಾಲಿನಲ್ಲಿ, ಕರುವಿನ ಬೆಳವಣಿಗೆಯಲ್ಲಿ ನಷ್ಟ ಕಾಣಿಸುತ್ತದೆ.

ದನದಿಂದ ನೇರವಾಗಿ ನಮಗೆ ಬರುವುದಿಲ್ಲ, ಹಾಲಿನಿಂದಲೂ ಇಲ್ಲ. ಮನುಷ್ಯರಿಗೆ ಹತ್ತುವುದು ನೀರಂಚಿನ ಸೊಪ್ಪನ್ನು ಹಸಿಯಾಗಿ ತಿಂದಾಗ. ಇಲ್ಲಿ ನಮ್ಮ ಒಂದೆಲಗದ ಮಾತು ಬರುತ್ತದೆ. ಗದ್ದೆ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ, ದನ ಇಳಿಯುವ ಜಾಗದಲ್ಲೇ ಹುಲುಸಾಗಿ ಬೆಳೆಯುವ ಸೊಪ್ಪು. ನಾವು ಅದನ್ನು ಬೇಯಿಸದೆ ಅರೆದು ತಂಬುಳಿ ಮಾಡುತ್ತೇವೆ. ತಂಬುಳಿ ಬಿಡಿ ಎಂದರೆ ನನ್ನನ್ನೇ ಊರು ಬಿಡಿಸುತ್ತಾರೆ, ನಾನೂ ಬಿಟ್ಟಿಲ್ಲ. ಒಂದೆಲಗವನ್ನು ಮನೆ ಹಿಂದಿನ ಕುಂಡದಲ್ಲೋ ಬಾವಿಕಟ್ಟೆಯ ಬಳಿಯೋ ನೆಟ್ಟುಕೊಳ್ಳಿ. ಬದುವಿನಿಂದ ತಂದದ್ದಾದರೆ ತುಪ್ಪದಲ್ಲಿ ಬಾಡಿಸಿ ಅರೆಯಿರಿ. ಬರೀ ತೊಳೆದರೆ ಅಂಟಿಕೊಂಡ ಮರಿ ಬಿಡುವುದಿಲ್ಲ.

ನಾಟಿಗೆ ಗದ್ದೆಗಿಳಿದ ದಿನ ಮೊಣಕಾಲಿನ ಕೆಳಗೆಲ್ಲ ತುರಿಕೆ, ಗುಳ್ಳೆ. ಕೆಸರಿನ ನಂಜು ಎನ್ನುತ್ತಾರೆ.

ಗೊಬ್ಬರ, ಔಷಧದ ನಂಜೂ ಇರಬಹುದು. ಹುಳುವೂ ಇರಬಹುದು. ದನ, ಎಮ್ಮೆಗಳ ರಕ್ತನಾಳದಲ್ಲಿ ವಾಸಿಸುವ ಶಿಸ್ಟೋಸೋಮ ಎಂಬ ಹುಳುವಿನ ಮರಿಗಳು ಬಸವನಹುಳುವಿನಿಂದ ಹೊರಬಂದು ಗದ್ದೆ ನೀರಿನಲ್ಲಿ ದನದ ಕಾಲಿಗಾಗಿ ಕಾಯುತ್ತಿರುತ್ತವೆ. ನಮ್ಮ ಕಾಲು ಸಿಕ್ಕರೆ ಅದನ್ನೇ ಕೊರೆಯುತ್ತವೆ. ನಮ್ಮ ಚರ್ಮದಲ್ಲೇ ಸಾಯುತ್ತವೆ, ಆ ಸಾವಿನ ಗಲಾಟೆಯೇ ತುರಿಕೆ. ಒಂದು ವಾರದ ಆಸುಪಾಸಿನಲ್ಲಿ ಇಳಿಯುತ್ತದೆ. ಗದ್ದೆಯಿಂದ ಹತ್ತಿದ ತಕ್ಷಣ ಒಣ ಬಟ್ಟೆಯಿಂದ ಕಾಲು ಗಟ್ಟಿಯಾಗಿ ಒರೆಸಿಕೊಳ್ಳಿ. ಇದೇ ಬಳಗದ ಇನ್ನೊಂದು ಹುಳು ದನದ ಮೂಗಿನಲ್ಲಿ ಹೂಕೋಸಿನಂಥ ಗಂಟು ಬೆಳೆಸಿ ಗೊರಕೆ ರೋಗ ತರುತ್ತದೆ. ಕೊಟ್ಟಿಗೆಯಲ್ಲಿ ರಾತ್ರಿ ದನ ಗೊರಕೆ ಹೊಡೆಯುತ್ತಿದ್ದರೆ ವಯಸ್ಸಾಯಿತು ಎಂದುಕೊಳ್ಳದೆ ತೋರಿಸಿ.

ಏಡಿ, ಬಸವನಹುಳು, ಉಡ?

ಏಡಿಯನ್ನು ಚೆನ್ನಾಗಿ ಬೇಯಿಸಿ ತಿನ್ನಿ. ಅರೆಬೆಂದ, ಕೆಂಡದಲ್ಲಿ ಅರ್ಧ ಸುಟ್ಟ ಸಿಹಿನೀರಿನ ಏಡಿಯಿಂದ ಬರುವ ಶ್ವಾಸಕೋಶದ ಚಪ್ಪಟೆಹುಳು ಮಣಿಪುರ, ನಾಗಾಲ್ಯಾಂಡ್ ಕಡೆ ಕ್ಷಯದಂತೆ ಕಾಣುವ, ರಕ್ತ ಬರುವ ಕೆಮ್ಮನ್ನು ತರುತ್ತದೆ.

ತೋಟಗಳಿಗೆ ನುಗ್ಗಿರುವ ಆಫ್ರಿಕದ ದೊಡ್ಡ ಬಸವನಹುಳುವನ್ನು ಬರಿಗೈಯಲ್ಲಿ ಹೆಕ್ಕಬೇಡಿ, ಮಕ್ಕಳಿಗೆ ಆಡಲು ಕೊಡಬೇಡಿ. ಇಲಿಯ ಶ್ವಾಸಕೋಶದ ಹುಳುವಿನ ಮರಿ ಅದರಲ್ಲಿ ಇರಬಹುದು; ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಉರಿಯೂತ. ಉಡದ ಹಸಿ ಮಾಂಸ, ಹಸಿ ರಕ್ತ ಸೊಂಟನೋವಿಗೆ ಒಳ್ಳೆಯದು ಎಂದು ನುಂಗಿದವರಿಗೂ ಇದೇ ರೋಗ ಬಂದ ಉದಾಹರಣೆಗಳು ದಕ್ಷಿಣ ಭಾರತದಲ್ಲಿವೆ. ಸೊಂಟ ಸರಿಹೋಗುವುದಿಲ್ಲ, ಅರಣ್ಯ ಇಲಾಖೆಯ ಮೊಕದ್ದಮೆ ಬೇರೆ.

ಸಗಣಿ ಸಾರಿಸಿದ ಅಂಗಳದಿಂದ ಹುಳು ಬರುತ್ತದೆಯೇ? ಉಂಬಳದಿಂದ? ಮಂಗನ ಕಾಯಿಲೆಯೂ ಹುಳುವೇ?

ಸಗಣಿಯಿಂದ ಹುಳು ಬರುವ ಸಂಭವ ತೀರಾ ಕಡಿಮೆ. ಅದರ ಭಯ ಬ್ಯಾಕ್ಟೀರಿಯಾದ್ದು, ಕೈ ತೊಳೆದರಾಯಿತು. ಉಂಬಳ ನಿಜಕ್ಕೂ ಹುಳು, ರಕ್ತ ಕುಡಿಯುತ್ತದೆ, ಉದುರಿ ಹೋಗುತ್ತದೆ. ಮಲೆನಾಡಿನವರು ಹೆಸರಿಟ್ಟು ಬೈಯುವ ಏಕೈಕ ಹುಳು ಅದು, ಮಾಡುವ ಹಾನಿ ಮಾತ್ರ ಎಲ್ಲಕ್ಕಿಂತ ಕಡಿಮೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, ಉಣುಗು ಅದರ ವಾಹನ. ಹುಳದ ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ.

ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಮಾತ್ರೆ ಕೊಡುತ್ತಾರಲ್ಲ, ಸಾಲದೇ?

2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮ ಅದು. 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ 400 ಮಿಲಿಗ್ರಾಂ, ಎರಡು ವರ್ಷದ ಒಳಗಿನವರಿಗೆ ಅರ್ಧ ಮಾತ್ರೆ. ತಪ್ಪದೆ ಕೊಡಿಸಿ. ಅದರ ಗುರಿ ಕರುಳಿನ ದುಂಡುಹುಳು, ಕೊಕ್ಕೆಹುಳು, ಚಾಟಿಹುಳು. ಕಣ್ಣಿಗೆ, ಯಕೃತ್ತಿಗೆ ಹೋದದ್ದನ್ನು ಆ ಒಂದು ಮಾತ್ರೆ ಮುಟ್ಟುವುದಿಲ್ಲ. ಫಿಟ್ಸ್ ಇರುವ ಮಗುವಾದರೆ ಮೊದಲೇ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಗೆ ತಿಳಿಸಿ. ಮಗುವಿಗೆ ಮಾತ್ರೆ ಕೊಡಿಸಿದ ದಿನವೇ ನಾಯಿಗೂ ಹಾಕುವ ಪದ್ಧತಿ ಇಟ್ಟುಕೊಂಡರೆ ನಾಯಿಯ ನಾಲ್ಕು ಸರದಿಗಳಲ್ಲಿ ಎರಡು ಮರೆಯುವುದಿಲ್ಲ. ದನಗಳಿಗೆ ಮಳೆ ಹಿಡಿಯುವ ಮುನ್ನ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ.

ಎಮ್ಮೆಗೆ ತಂದ ಮದ್ದು ಉಳಿದಿದೆ. ನಾಯಿಗೆ ಸ್ವಲ್ಪ ಹಾಕಬಹುದೇ?

ಹಾಕಬೇಡಿ. ಎಮ್ಮೆಯ ತೂಕಕ್ಕೆ ಮಾಡಿದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಟ್ಟು, ಅದು ಕುರುಡಾಗಿ ತೂರಾಡುತ್ತಾ ಬಂದದ್ದನ್ನು ನೋಡಿದ್ದೇನೆ. ಕೋಲಿ ತಳಿಯ ನಾಯಿಗಳಿಗಂತೂ ಅದು ನೇರ ವಿಷ. ಒಳ್ಳೆಯ ಮದ್ದೇ, ಕಂಡುಹಿಡಿದ ಕ್ಯಾಂಪ್‌ಬೆಲ್, ಓಮುರ ಅವರಿಗೆ 2015ರಲ್ಲಿ ನೊಬೆಲ್ ಬಂದಿದೆ. ತಪ್ಪು ಪ್ರಮಾಣದಲ್ಲಿ ಒಳ್ಳೆಯ ಮದ್ದು ಎಂಬುದಿಲ್ಲ. ಕಡಿಮೆ ಹಾಕುವುದೂ ಕೆಟ್ಟದ್ದೇ, ಹುಳು ಆ ಮದ್ದಿಗೆ ಒಗ್ಗಿಕೊಳ್ಳುತ್ತದೆ. ಗಬ್ಬದ ಮೊದಲ ದಿನಗಳಲ್ಲಿರುವ ಹಸುವಿಗೆ ಆಲ್ಬೆಂಡಜೋಲ್ ಹಾಕಬೇಡಿ. ಹಾಲು ಕೊಡುವ ಹಸುವಿಗೆ ಹಾಕಿದರೆ ಬಾಟಲಿಯ ಮೇಲೆ ಬರೆದಷ್ಟು ದಿನ ಹಾಲನ್ನು ಡೇರಿಗೆ ಹಾಕಬೇಡಿ. ಈ ಕೊನೆಯ ಮಾತನ್ನು ಪಾಲಿಸುವವರು ಎಷ್ಟು ಮಂದಿ ಎಂದು ನಾನು ಕೇಳುವುದನ್ನೇ ಬಿಟ್ಟಿದ್ದೇನೆ.

ವೈದ್ಯರ ಬಳಿ ಹೋದಾಗ ಏನು ಹೇಳಬೇಕು?

ಮನೆಯಲ್ಲಿ ಯಾವ ಪ್ರಾಣಿ ಇದೆ, ಮರಿ ಹಾಕಿದೆಯೇ, ಬರಿಗಾಲಿನಲ್ಲಿ ಎಲ್ಲಿ ಓಡಾಡುತ್ತೀರಿ, ಹಸಿಯಾಗಿ ಏನು ತಿಂದಿರಿ ಎಂಬುದನ್ನು ಕೇಳದಿದ್ದರೂ ಹೇಳಿ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಏರಿದ್ದರೆ ಅದು ಅಲರ್ಜಿಯೂ ಇರಬಹುದು, ಮೈಯೊಳಗೆ ಅಲೆಯುವ ಹುಳುವೂ ಇರಬಹುದು. ನಾಯಿಮರಿಯ ಸುದ್ದಿ ಕೇಳಿದ ವೈದ್ಯರು ಆಗ ಬೇರೆ ರೀತಿ ಯೋಚಿಸುತ್ತಾರೆ. ಮೊದಲ ಬಾರಿ ಬಂದ ಫಿಟ್ಸ್, ಒಂದೇ ಕಣ್ಣು ಮಂಜಾದದ್ದು, ಬಲ ಪಕ್ಕೆಯ ಕೆಳಗೆ ಗಡ್ಡೆ, ಬಿಳಿಚಿಕೊಂಡ ಗರ್ಭಿಣಿ: ಇವನ್ನು ನಾಳೆಗೆ ಇಟ್ಟುಕೊಳ್ಳಬೇಡಿ.

ಪ್ರಾಣಿಗಳಿಗಾದರೆ ಹತ್ತಿರದ ಪಶು ಆಸ್ಪತ್ರೆ, ಸಂಚಾರಿ ಚಿಕಿತ್ಸೆಗೆ 1962 ಸಂಖ್ಯೆಗೆ ಫೋನ್ ಮಾಡಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ಇದೆ. ಬರುವಾಗ ಬೆಳಗಿನ ತಾಜಾ ಸಗಣಿ ಅಥವಾ ನಾಯಿಯ ಹೇಲನ್ನು ಹುಣಿಸೆಬೀಜದಷ್ಟು, ಮುಚ್ಚಳವಿರುವ ಡಬ್ಬಿಯಲ್ಲಿ ತನ್ನಿ, ಮೇಲೆ ಹೆಸರು ಬರೆದಿರಲಿ. ಉಪ್ಪಿನಕಾಯಿ ಡಬ್ಬಿಯಲ್ಲಿ ತಂದು, ತೊಳೆದು ವಾಪಸ್ ಒಯ್ಯಲು ಕಾದು ಕೂತವರೊಬ್ಬರಿದ್ದರು. ಆ ಡಬ್ಬಿಯನ್ನು ನಾನು ಕೊಡಲಿಲ್ಲ.